ಬಾಗಲಕೋಟೆ ನವನಗರದ ವೃದ್ಧಾಶ್ರಮ ಕೆಡವಿ ಫ್ಲ್ಯಾಟು ಕಟ್ಟುವ ಪ್ಲಾನು: ಆಕ್ಷೇಪಣೆಗೆ 15 ದಿನ ಇದೆ, ಓದಿ ಹೇಳಿ

ವೆಂಕಟಪೇಟೆಯವಳು

ನಮಸ್ಕಾರ. ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರಿನಲ್ಲಿ ಈ ಪ್ರಕಟಣೆ ಸಿಕ್ಕಿತು ಅಂದರೆ ನಗಬೇಡಿ. ಎಣ್ಣೆ ಹತ್ತಿದೆ, ಆದರೂ ಓದಬಹುದು.

ನಮ್ಮ ಸೆಕ್ಟರಿನ ಅಂಚಿಗೆ ಹಳೆಯ ವೃದ್ಧಾಶ್ರಮ ಇದೆಯಲ್ಲ, ಅಂಗಳದಲ್ಲಿ ದೊಡ್ಡ ಬೇವಿನ ಮರ ಇರುವುದು, ಆ ಜಾಗದ ಭೂಬಳಕೆ ಬದಲಿಸಿಕೊಡಿ ಅಂತ ಅರ್ಜಿ ಹಾಕಿದ್ದಾರೆ. ಈಗಿನ ಕಟ್ಟಡಕ್ಕೆ ಒಂದೇ ಅಂತಸ್ತು. ಅದನ್ನು ಕೆಡವಿ, ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಹೀಗೆ ಎರಡು ಕಟ್ಟಡ. ಒಟ್ಟು 60 ಫ್ಲ್ಯಾಟು. 'ಹಿರಿಯರ ವಸತಿ ಸಮುಚ್ಚಯ' ಅಂತ ಹೆಸರು. ಊಟದ ಹಾಲ್, ಫಿಸಿಯೋಥೆರಪಿ ಕೋಣೆ, ಒಂದು ಗುಡಿ ಎಲ್ಲ ಇದೆಯಂತೆ.

ನಮ್ಮ ಸೋದರತ್ತೆ ಆರು ವರ್ಷದಿಂದ ಅಲ್ಲೇ ಇದ್ದಾಳೆ. ಫಿಸಿಯೋಥೆರಪಿ ಅಂದ ಕೂಡಲೇ ಅವಳಿಗೆ ಖುಷಿ, ಮೊಣಕಾಲು ನೋವು ಅಷ್ಟಿದೆ. ನನಗೆ ಮಾತ್ರ ಏನೋ ಕೊರೆಯುತ್ತಿದೆ. ಏನು ಅಂತ ಹೇಳಲು ಬರುತ್ತಿಲ್ಲ. ತಿಳಿದವರು ಹೇಳಿ.

ಮಹಡಿ ಮನೆ

ನಾನು ಹೇಳುತ್ತೇನೆ ಏನು ಕೊರೆಯುತ್ತಿದೆ ಅಂತ. ಪಾರ್ಕಿಂಗ್! 60 ಮನೆ ಅಂದರೆ ಭಾನುವಾರ ನೋಡಲು ಬರುವ ಮಕ್ಕಳು, ಮೊಮ್ಮಕ್ಕಳು, ಅವರ ಕಾರು ಎಲ್ಲ ನಮ್ಮ ಗೇಟಿನ ಮುಂದೆ. ಆಮೇಲೆ ನೀರು. ನಮ್ಮ ಓಣಿಗೆ ಪಾಳಿಯ ಮೇಲೆ ನಲ್ಲಿ ಬರುತ್ತದೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಕಣ್ಣಿಗೆ ಕಾಣುತ್ತದೆ, ಕೊಡಕ್ಕೆ ಬೀಳುವುದಿಲ್ಲ. ಇನ್ನು ಇವರ ಬೋರ್‌ವೆಲ್ ಬೇರೆ ಬಿದ್ದರೆ ನಮ್ಮದು ಒಣಗಿತು ಅಂತಲೇ ಲೆಕ್ಕ.

ಹಲಗಿ ಮೇಳ

ಕಾರು ನೋಡಲು ಬರುವ ಮಕ್ಕಳದ್ದಾದರೆ ಚಿಂತೆ ಬೇಡ ಬಿಡಿ, ಅಷ್ಟು ಜನ ಬರುವುದಿಲ್ಲ.

ಪುಣೆಯಿಂದ ಬಾಗಲಕೋಟೆಯವ

ಮೇಲಿನ ಮಾತು ಚುಚ್ಚಿತು. ಇರಲಿ.

ನಾನು ಈ ಪ್ಲಾನಿನ ಪರ. ಸುಮ್ನೆ ಅಲ್ಲ, ಕಾರಣ ಇದೆ. ಅಪ್ಪ ಅಮ್ಮ ಇಬ್ಬರೇ ವಿದ್ಯಾಗಿರಿಯಲ್ಲಿ ಇರುತ್ತಾರೆ. ಹೋದ ಚಳಿಗಾಲದಲ್ಲಿ ಅಪ್ಪ ಬೆಳಗಿನ ಜಾವ ಬಚ್ಚಲಲ್ಲಿ ಜಾರಿ ಬಿದ್ದರು. ಅಮ್ಮನಿಗೆ ಕಿವಿ ಮಂದ, ಗೊತ್ತಾಗಲಿಲ್ಲ. ಹಾಲಿನವನು ಬಂದು ಬಾಗಿಲು ಬಡಿದಾಗಲೇ ತಿಳಿದದ್ದು. ಎರಡು ತಾಸು ತಣ್ಣನೆ ನೆಲದ ಮೇಲೆ. ನಾನು ಪುಣೆಯಿಂದ ಬಂದು ಮುಟ್ಟಿದ್ದು ರಾತ್ರಿ.

ಇಬ್ಬರೂ ಪುಣೆಗೆ ಬರುವುದಿಲ್ಲ ಅನ್ನುತ್ತಾರೆ. ಅಲ್ಲಿ ಮಾತಾಡುವವರು ಯಾರಿದ್ದಾರೆ ಅನ್ನುತ್ತಾರೆ. ನಿಜವೇ. ಇಲ್ಲೇ ಊರಲ್ಲಿ, ಗಂಟೆ ಒತ್ತಿದರೆ ಒಬ್ಬರು ಬರುವಂಥ ಜಾಗ ಸಿಕ್ಕರೆ ದುಡ್ಡು ಕೊಡಲು ನಾನು ತಯಾರು. ನಿಮ್ಮ ಪಾರ್ಕಿಂಗಿನ ಸಲುವಾಗಿ ಅದು ನಿಲ್ಲಬೇಕಾ?

ವಾರ್ಡಿನ ಅಕ್ಕ

ತಮ್ಮಾ, ನಾನು ನರ್ಸ್. ಅಪ್ಪ ಈಗ ಆರಾಮಾ? ಒಂದು ಮಾತು: 14567 ಅಂತ ಹಿರಿಯರ ಸಹಾಯವಾಣಿ ಇದೆ, ಫೋನಿನಲ್ಲಿ ಹಾಕಿಕೊಡು. ಅದು ಆಂಬುಲೆನ್ಸ್ ಅಲ್ಲ, ಆದರೆ ಮಾಹಿತಿಗೆ, ಕಷ್ಟ ಹೇಳಿಕೊಳ್ಳಲು ಆಗುತ್ತದೆ. ಬಚ್ಚಲ ಬಾಗಿಲಿನ ಚಿಲಕ ಇವತ್ತೇ ತೆಗೆಸು.

ನಿವೃತ್ತ ಓವರ್ಸಿಯರ್

ಎಲ್ಲರದ್ದೂ ಓದಿದೆ. ಮೊದಲು ಕಾಗದದ ಮಾತು ಮಾತಾಡೋಣ.

ಇದು ಇನ್ನೂ ಕಟ್ಟಡದ ಪರವಾನಗಿ ಅಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14ಎ ಕಲಮಿನ ಕೆಳಗೆ ಭೂಬಳಕೆ ಬದಲಾವಣೆ. ಪೇಪರಿನಲ್ಲಿ ಪ್ರಕಟಿಸಿ, ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಭಜಿ ಪೊಟ್ಟಣದಲ್ಲಿ ಬಂದರೂ ಅದು ಕಾನೂನಿನ ಪ್ರಕಟಣೆಯೇ. ತಾರೀಖು ನೋಡಿಕೊಳ್ಳಿ, ದಿನ ಎಣಿಸುವುದು ಅಲ್ಲಿಂದ.

ಯಾವುದರಿಂದ ಯಾವುದಕ್ಕೆ ಬದಲಾವಣೆ ಅನ್ನುವುದೇ ಮುಖ್ಯ. ಆ ಜಾಗ ನಕ್ಷೆಯಲ್ಲಿ 'ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ' ಬಳಕೆಗೆ ಇದ್ದರೆ, ಅಲ್ಲಿ ಶಾಲೆ, ಆಸ್ಪತ್ರೆ, ಆಶ್ರಮ ಬರಬಹುದು. ಅದನ್ನು 'ವಸತಿ' ಅಂತ ಮಾಡಿದ ಮೇಲೆ, ಹಿರಿಯರು ಇರಲಿ ಇಲ್ಲದಿರಲಿ, ಅದು ಮಾರುವ ಫ್ಲ್ಯಾಟಿನ ಜಾಗ. ನಕ್ಷೆಯಲ್ಲಿ ವಸತಿಗೆ ಹಳದಿ ಬಣ್ಣ, ಒಮ್ಮೆ ಹಳದಿ ಆಯಿತೆಂದರೆ ಮುಂದೆ ಯಾರೂ ಕೇಳುವುದಿಲ್ಲ.

ತಂಗೀ, ಕಚೇರಿಗೆ ಹೋಗಿ ಫೈಲು ನೋಡಲು ಅರ್ಜಿ ಕೊಡು. ಮಾಹಿತಿ ಹಕ್ಕಿನಲ್ಲಿ ಹಾಕಿದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆಕ್ಷೇಪಣೆಗೆ 15 ದಿನ. ಲೆಕ್ಕ ಕೂಡುವುದಿಲ್ಲ, ಅಲ್ವಾ? ಅದಕ್ಕೇ ಅದನ್ನು ನೆಚ್ಚಿಕೊಳ್ಳಬೇಡ. ನೇರ ಹೋಗಿ ನಕ್ಷೆ ತೋರಿಸಿ ಅಂತ ಕೇಳು, ಫೋಟೋ ಹೊಡೆದುಕೊಂಡು ಬಾ.

ವೆಂಕಟಪೇಟೆಯವಳು

ಹೋಗಿ ಬಂದೆ ಕಾಕಾ. ಮೊದಲ ದಿನ ಸಾಹೇಬರು ಸೈಟ್‌ಗೆ ಹೋಗಿದ್ದರು. ಎರಡನೇ ದಿನ ಕೀಲಿ ಇದ್ದವರು ರಜೆ. ಮೂರನೇ ದಿನ ತೋರಿಸಿದರು. ಆರು ಹಾಳೆ, ಫೋಟೋ ಹಾಕಿದ್ದೇನೆ. ನೀವು ಹೇಳಿದ ಹಾಗೇ ಇದೆ: ಅರೆ ಸಾರ್ವಜನಿಕದಿಂದ ವಸತಿಗೆ.

ನಿವೃತ್ತ ಓವರ್ಸಿಯರ್

ಕನ್ನಡಕ ಬದಲಿಸಿಕೊಂಡು ಕೂತು ನೋಡಿದೆ. ಎಷ್ಟೋ ದಿನದ ಮೇಲೆ ನಕ್ಷೆ ಓದಿದ ಖುಷಿ. ಕಂಡದ್ದು ಹೇಳುತ್ತೇನೆ.

ಎತ್ತರ 14.90 ಮೀಟರ್ ಅಂತ ಬರೆದಿದ್ದಾರೆ. ಈ ಹತ್ತು ಸೆಂಟಿಮೀಟರಿನ ಕಥೆ ನಮಗೆ ಹಳೆಯದು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಮುಟ್ಟಿದರೆ ಬಹುಮಹಡಿ ಕಟ್ಟಡ, ಬೆಂಕಿ ಸುರಕ್ಷತೆಯ ನಿಯಮ ಬಿಗಿಯಾಗುತ್ತದೆ. ಅದಕ್ಕೇ ಅಲ್ಲಿಗೇ ನಿಲ್ಲಿಸಿದ್ದಾರೆ. ತಪ್ಪಲ್ಲ. ಆದರೆ ಒಳಗೆ ಇರುವವರು ಎಂಬತ್ತರ ಮುದುಕರು, ಮೆಟ್ಟಿಲು ಇಳಿದು ಓಡುವವರಲ್ಲ.

ರ‍್ಯಾಂಪ್ ನೋಡಿ. ನೆಲದಿಂದ ಬಾಗಿಲಿನ ಮಟ್ಟ 90 ಸೆಂಟಿಮೀಟರ್ ಮೇಲಿದೆ. ಗಾಲಿಕುರ್ಚಿಗೆ ಇಳಿಜಾರು 1ಕ್ಕೆ 12 ಇರಬೇಕು. ಅಂದರೆ ರ‍್ಯಾಂಪಿನ ಉದ್ದ 10.8 ಮೀಟರ್, ನಡುವೆ ನಿಲ್ಲಲು ಸಮತಟ್ಟು ಬೇರೆ. ನಕ್ಷೆಯಲ್ಲಿ 4 ಮೀಟರ್ ಹಾಕಿದ್ದಾರೆ. ಅದರ ಮೇಲೆ ಸ್ಕೂಟರ್ ಹತ್ತುತ್ತದೆ, ಗಾಲಿಕುರ್ಚಿ ಅಲ್ಲ.

ಲಿಫ್ಟು ಒಂದೊಂದು ಕಟ್ಟಡಕ್ಕೆ ಒಂದೇ, 6 ಜನರದ್ದು. ಸ್ಟ್ರೆಚರ್ ಮಲಗಿಸಿ ಒಯ್ಯಲು ಆಗುವುದಿಲ್ಲ. ನಾಲ್ಕನೇ ಮಹಡಿಯಿಂದ ರೋಗಿಯನ್ನು ಬೆಡ್‌ಶೀಟಿನಲ್ಲಿ ಹೊತ್ತು ಇಳಿಸಬೇಕಾಗುತ್ತದೆ.

ನೀರಿನ ಬಗ್ಗೆ ಮಹಡಿ ಮನೆಯವರು ಕೇಳಿದ್ದು ಸರಿ ಇದೆ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಲೆಕ್ಕ. ಮನೆಗೆ ಇಬ್ಬರಂತೆ 120 ಜನ, 16,200 ಲೀಟರ್. ಸಂಪು 20 ಸಾವಿರ ಲೀಟರಿನದು. ಒಂದು ದಿನ ದಾಟಿದರೆ ಟ್ಯಾಂಕರ್.

ಇನ್ನೊಂದು ಮಾತು, ಇದು ನಿಯಮದ್ದಲ್ಲ, ನನ್ನದು. ಈ ನವನಗರದ ಮೂಲ ನಕ್ಷೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೋರಿಯಾ. ಬಿಸಿಲಿನ ಊರಿನಲ್ಲಿ ಆಕಾಶಕ್ಕೆ ತೆರೆದ ಅಂಗಳವೂ ಒಂದು ಕೋಣೆ ಇದ್ದ ಹಾಗೆ ಅನ್ನುವುದು ಅವರ ವಿಚಾರ. ಈಗಿನ ಆಶ್ರಮದಲ್ಲಿ ಆ ಅಂಗಳ ಇದೆ. ಸಂಜೆ ಐದಕ್ಕೆ ಎಲ್ಲರೂ ಬೇವಿನ ಕೆಳಗೆ ಇರುತ್ತಾರೆ. ಹೊಸ ನಕ್ಷೆಯಲ್ಲಿ ಆ ಜಾಗಕ್ಕೆ 'ಕಾರು 11ರಿಂದ 18' ಅಂತ ಬರೆದಿದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, 1976ರ ಕಾಯ್ದೆ. ಅದರ ಸುದ್ದಿಯೇ ಫೈಲಿನಲ್ಲಿಲ್ಲ.

ವಾರ್ಡಿನ ಅಕ್ಕ

ಸರ್, ಮೂರನೇ ಹಾಳೆಯಲ್ಲಿ ಬಚ್ಚಲು ನೋಡಿ. ಬಾಗಿಲು ಒಳಗೆ ತೆರೆಯುತ್ತದೆ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಬರುತ್ತದೆ, ಹೊರಗಿನವರು ನೂಕಿದಷ್ಟೂ ಅವರಿಗೇ ಪೆಟ್ಟು. ಹೊರಗೆ ತೆರೆಯಬೇಕು, ಇಲ್ಲಾ ಸರಿಯುವ ಬಾಗಿಲು ಹಾಕಬೇಕು. ಇದಕ್ಕೆ ಖರ್ಚು ಏನೂ ಜಾಸ್ತಿ ಇಲ್ಲ. ನಕ್ಷೆ ಬರೆದವರು ಮುದುಕರ ಜೊತೆ ಒಂದು ರಾತ್ರಿಯೂ ಇದ್ದವರಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಕಮೋಡಿನ ಪಕ್ಕ ಹಿಡಿಕೆ ಇಲ್ಲ. ನರ್ಸ್ ಕೂರುವ ಜಾಗ ನೆಲಮಹಡಿಯಲ್ಲಿ ಮಾತ್ರ. ನಾಲ್ಕನೇ ಮಹಡಿಯವರು ರಾತ್ರಿ ಗಂಟೆ ಒತ್ತಿದರೆ, ಕರೆಂಟು ಹೋಗಿದ್ದರೆ, ಯಾರು ಹತ್ತಬೇಕು? ನಾನೇ ಹತ್ತಿದ್ದೇನೆ ಅಂಥ ಮೆಟ್ಟಿಲು, ಅದಕ್ಕೇ ಕೇಳುತ್ತಿದ್ದೇನೆ.

ಸೆಂಟ್ರಿಂಗ್ ಕೆಲಸದವ

ಎಲ್ಲರೂ ಹಳೇ ಕಟ್ಟಡ ಸ್ವರ್ಗ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಹೋದ ಮಳೆಗಾಲದಲ್ಲಿ ಅಲ್ಲಿ ಸೋರುವುದನ್ನು ನಿಲ್ಲಿಸಲು ನನ್ನನ್ನೇ ಕರೆದಿದ್ದರು. ಸ್ಲ್ಯಾಬಿನ ಹೊಟ್ಟೆಯಿಂದ ಗಿಲಾವು ಉದುರಿ ಸರಳು ಕಾಣುತ್ತಿವೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿದಷ್ಟೂ ಕಾಂಕ್ರೀಟು ಒಡೆಯುತ್ತದೆ. ತೇಪೆ ಹಚ್ಚಿದರೆ ಎರಡು ಮಳೆ ತಡೆಯಬಹುದು. ಊಟದ ಕೋಣೆಯ ಮೂಲೆಯಲ್ಲಿ ಒಂದು ತಟ್ಟೆ ಅಗಲದ ತುಂಡು ಬಿದ್ದಿತ್ತು, ಯಾರೂ ಕೂತಿರಲಿಲ್ಲ ಅನ್ನುವುದು ಪುಣ್ಯ. ಕೆಡವಲೇಬೇಕು.

ಪುಣೆಯಿಂದ ಬಾಗಲಕೋಟೆಯವ

ಧನ್ಯವಾದ ಅಣ್ಣಾ. ಇದನ್ನೇ ನಾನೂ ಹೇಳುತ್ತಿರುವುದು. ರ‍್ಯಾಂಪು, ಬಾಗಿಲು, ಲಿಫ್ಟು ಎಲ್ಲ ತಿದ್ದಬಹುದು. ತಿದ್ದಿ ಅಂತ ಬರೆಯಿರಿ, ಬೇಡ ಅಂತ ಬರೆಯಬೇಡಿ.

ಹಲಗಿ ಮೇಳ

ಒಂದು ಪೆದ್ದ ಪ್ರಶ್ನೆ. ಈಗ ಇರುವ ಮಂದಿ ಎಷ್ಟು? ಕೆಡವಿದ ಮೇಲೆ ಅವರು ಎಲ್ಲಿರುತ್ತಾರೆ?

ವೆಂಕಟಪೇಟೆಯವಳು

28 ಜನ.

ಆರೂ ಹಾಳೆ ಮತ್ತೆ ತಿರುವಿ ನೋಡಿದೆ. ಅರ್ಜಿಯ ಪತ್ರವನ್ನೂ ಓದಿದೆ. ಕಾರು ನಿಲ್ಲಿಸಲು ಎಲ್ಲಿ ಜಾಗ ಅಂತ ಇದೆ. ಗುಡಿಯ ಬಾಗಿಲು ಯಾವ ದಿಕ್ಕಿಗೆ ಅಂತ ಇದೆ. 28 ಜನರ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಕೊರೆಯುತ್ತಿದ್ದದ್ದು ಇದೇ ನೋಡಿ.

ಪುಣೆಯಿಂದ ಬಾಗಲಕೋಟೆಯವ

ಎಲ್ಲಾದರೂ ತಾತ್ಕಾಲಿಕವಾಗಿ ವ್ಯವಸ್ಥೆ ಮಾಡೇ ಮಾಡುತ್ತಾರೆ ಅಕ್ಕಾ. ಬೀದಿಗೆ ಹಾಕುತ್ತಾರಾ?

ವೆಂಕಟಪೇಟೆಯವಳು

ನಿಮ್ಮ ಈ ಮಾತನ್ನು ಸೋದರತ್ತೆಗೆ ಓದಿ ಹೇಳಿದೆ. ಅವಳು ಹೇಳಿದ್ದನ್ನು ಹಾಗೇ ಹಾಕುತ್ತೇನೆ. ನಡುವೆ ಮೂರು ಸಲ ಚಹಾ ಆಯಿತು.

"ತಮ್ಮಾ, ತಾತ್ಕಾಲಿಕ ಅನ್ನುವ ಮಾತು ನಾನು ಮೊದಲ ಸಲ ಕೇಳುತ್ತಿಲ್ಲ. ನಮ್ಮ ಮನೆ ಹಳೇ ಊರಲ್ಲಿ, ಹೊಳೆ ಕಡೆ ಇಳಿಯುವ ಓಣಿಯಲ್ಲಿ ಇತ್ತು. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಇಟ್ಟಾಗ ನಾನು ಲಂಗ ಹಾಕುವ ಹುಡುಗಿ. ನೀರು ಬರುತ್ತದೆ, ಬರುತ್ತದೆ ಅಂತ ಕೇಳುತ್ತಲೇ ಮದುವೆ ಆಯಿತು, ಮಕ್ಕಳಾದವು. ಮುಳುಗಡೆ ಊರು ಅಂತ ಮನೆ ರಿಪೇರಿ ಮಾಡಿಸಲಿಲ್ಲ, ಹೆಣ್ಣು ಕೊಡುವವರೂ ಹಿಂದೆ ಮುಂದೆ ನೋಡಿದರು. ಕಡೆಗೆ ಗೋಡೆಗೆ ನಂಬರ್ ಬರೆದು ಹೋದರು. ನಿಮ್ಮ ಮಾವ ತಲೆಬಾಗಿಲು, ಚೌಕಟ್ಟು, ನಾಲ್ಕು ತೊಲೆ ಕಿತ್ತುಕೊಂಡು ಚಕ್ಕಡಿಯಲ್ಲಿ ನವನಗರಕ್ಕೆ ತಂದರು. ಹೊಸ ಮನೆಗೆ ಆ ಬಾಗಿಲು ದೊಡ್ಡದಾಯಿತು. ಕೊಯ್ದು ಹಾಕಿದರು.

"ಆರು ತಿಂಗಳು ಅಂತ ಬಾಡಿಗೆ ಖೋಲಿಯಲ್ಲಿ ಇದ್ದೆವು. ಆರು ತಿಂಗಳು ಮೂರು ವರ್ಷ ಆಯಿತು. ಅತ್ತೆ ಆ ಖೋಲಿಯಲ್ಲೇ ಹೋದರು. ಅವರ ಹೊಸ ಮನೆ ತಯಾರಾಗುತ್ತಿತ್ತು.

"ಈಗ ನನಗೆ ಎಂಟು ಕಮ್ಮಿ ತೊಂಬತ್ತು ಅಂತ ಇಟ್ಟುಕೋ, ಒಂದೆರಡು ಹೆಚ್ಚು ಕಮ್ಮಿ. ಎರಡು ವರ್ಷ ಎಲ್ಲೋ ಇರಿ, ಆಮೇಲೆ ಬನ್ನಿ ಅಂದರೆ, ಆ ಆಮೇಲೆ ನನಗೆ ಇದೆಯೋ ಇಲ್ಲವೋ. ಹೊಸ ಮನೆ ಬೇಡ ಅನ್ನುವುದಿಲ್ಲ. ಕಟ್ಟಲಿ. ನಾನು ಈ ಕೋಣೆಯಿಂದ ಆ ಕೋಣೆಗೆ ನಡೆದು ಹೋಗುವ ಹಾಗೆ ಕಟ್ಟಲಿ."

ಪುಣೆಯಿಂದ ಬಾಗಲಕೋಟೆಯವ

ಅಮ್ಮನಿಗೆ ನಮಸ್ಕಾರ ಹೇಳಿ. ನಾನು ಹಗುರಾಗಿ ಮಾತಾಡಿದೆ, ತಪ್ಪಾಯಿತು.

ನಿವೃತ್ತ ಓವರ್ಸಿಯರ್

ಆ ತಾಯಿ ಹೇಳಿದ್ದು ಎಂಜಿನಿಯರಿಂಗ್ ಕಣ್ರೀ. ನನಗೆ ನಕ್ಷೆ ಓದುವಾಗ ಹೊಳೆಯಲಿಲ್ಲ, ನಾಚಿಕೆ ಆಯಿತು.

ಸ್ಥಳದ ನಕ್ಷೆ ನೋಡಿ. ಈಗಿನ ಕಟ್ಟಡ ಪಶ್ಚಿಮದ ಅರ್ಧದಲ್ಲಿದೆ. ಪೂರ್ವಕ್ಕೆ ಖಾಲಿ ಹಿತ್ತಲು, ಮುಳ್ಳುಕಂಟಿ, ಹಳೇ ತೊಟ್ಟಿ ಬಿಟ್ಟರೆ ಏನಿಲ್ಲ. ಎರಡು ಕಟ್ಟಡದಲ್ಲಿ ಒಂದು ಪೂರ್ತಿ ಆ ಖಾಲಿ ಜಾಗದಲ್ಲೇ ಬರುತ್ತದೆ. ಮೊದಲು ಅದನ್ನು ಕಟ್ಟಲಿ. ನೀರು, ಕರೆಂಟು, ಲಿಫ್ಟು ಎಲ್ಲ ಆಗಿ ವಾಸಯೋಗ್ಯ ಪ್ರಮಾಣಪತ್ರ ಬಂದ ಮೇಲೆ 28 ಜನ ಅಲ್ಲಿಗೆ ಹೋಗಲಿ. ಆಮೇಲೆ ಹಳೆಯದು ಕೆಡವಲಿ. ಆದೇಶದಲ್ಲೇ ಇದನ್ನು ಷರತ್ತು ಅಂತ ಬರೆಸಬೇಕು. ಬಾಯಿಮಾತು ಬೇಡ, ಬ್ರೋಷರ್ ಬೇಡ. ಆದೇಶದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ, ಮುಳುಗಡೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಸೆಂಟ್ರಿಂಗ್ ಕೆಲಸದವ

ಆಗುತ್ತದೆ, ಆದರೆ ಖರ್ಚು ಏರುತ್ತದೆ. ಮಿಕ್ಸರು, ಸೆಂಟ್ರಿಂಗ್ ಸಾಮಾನು, ಆಳು, ಎರಡು ಸಲ ತರಿಸಬೇಕು. ಅದಕ್ಕಿಂತ ಧೂಳು ನೋಡಿ. ಪಕ್ಕದಲ್ಲೇ ಮುದುಕರು ಮಲಗಿರುತ್ತಾರೆ, ಇಲ್ಲಿ ಕಟರ್ ಕೂಗುತ್ತಿರುತ್ತದೆ. ನಡುವೆ ತಗಡಿನ ಎತ್ತರದ ಗೋಡೆ, ಹಸಿರು ಪರದೆ, ಮಧ್ಯಾಹ್ನ ಒಂದರಿಂದ ಮೂರು ಕೆಲಸ ಬಂದ್, ರಾತ್ರಿ ಕಾಂಕ್ರೀಟು ಹಾಕುವುದು ಬೇಡ. ಇಷ್ಟು ಬರೆಸಿದರೆ ನಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಆಳಿಗೂ ಆ ಎರಡು ತಾಸು ಬೇಕೇ ಬೇಕು, ನಲವತ್ತು ಡಿಗ್ರಿ ದಾಟಿರುತ್ತದೆ.

ಮಹಡಿ ಮನೆ

ಹಾಗಾದರೆ ಮರ ಉಳಿಯುತ್ತದಾ? ಪಾರ್ಕಿಂಗ್ ಬಿಟ್ಟು ಬೇರೆ ಕೇಳುವುದಿಲ್ಲ ಅಂದುಕೊಳ್ಳಬೇಡಿ. ನಮ್ಮ ಅಡುಗೆಮನೆ ಕಿಟಕಿಗೆ ಅದರದ್ದೇ ನೆರಳು.

ನಿವೃತ್ತ ಓವರ್ಸಿಯರ್

ಎರಡನೇ ಕಟ್ಟಡವನ್ನು ಆರು ಮೀಟರ್ ಹಿಂದೆ ಸರಿಸಿದರೆ ಉಳಿಯುತ್ತದೆ. ಎಂಟು ಕಾರು ಹೋಗುತ್ತವೆ. ನಿಮ್ಮ ಗೇಟಿನ ಮುಂದೆ ಬರುತ್ತವೆ. ಏನಂತೀರಿ?

ಮಹಡಿ ಮನೆ

ಯೋಚನೆ ಮಾಡಲು ಒಂದು ದಿನ ಕೊಡಿ.

ವಾರ್ಡಿನ ಅಕ್ಕ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. 28 ಜನರಲ್ಲಿ ಅರ್ಧ ಮಂದಿ ಬಿಟ್ಟಿ ಇದ್ದಾರೆ, ಇನ್ನರ್ಧ ಪೆನ್ಶನ್ನಿನಲ್ಲಿ ಸ್ವಲ್ಪ ಕೊಡುತ್ತಾರೆ. ಹೊಸ ಫ್ಲ್ಯಾಟಿಗೆ ಠೇವಣಿ ಅಂತ ಲಕ್ಷದಲ್ಲಿ ಕೇಳಿದರೆ?

ನಿವೃತ್ತ ಓವರ್ಸಿಯರ್

ಎರಡು ದಾರಿ ಇವೆ, ಎರಡಕ್ಕೂ ಬೇರೆ ಬೇರೆ ಕಾನೂನು.

ಮಾರುವುದಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ. 500 ಚದರ ಮೀಟರ್ ದಾಟಿದ ಜಾಗ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟು ಇದ್ದರೆ ನೋಂದಣಿ ಮಾಡಿಸದೆ ಜಾಹೀರಾತೂ ಕೊಡುವಂತಿಲ್ಲ. ಖರೀದಿದಾರರಿಂದ ಬಂದ ಹಣದಲ್ಲಿ ಶೇ 70 ಬೇರೆ ಖಾತೆಯಲ್ಲಿ ಇಡಬೇಕು, ಅದು ಆ ಜಾಗಕ್ಕೆ, ಆ ಕಟ್ಟಡಕ್ಕೇ ಖರ್ಚಾಗಬೇಕು. ಆದರೆ ಬಾಡಿಗೆಗೆ ಇರುವವರು ರೇರಾ ಪ್ರಕಾರ ಖರೀದಿದಾರರಲ್ಲ. ಠೇವಣಿ ಇಸಿದುಕೊಂಡು ಕಾಗದದಲ್ಲಿ 'ಬಾಡಿಗೆ' ಅಂತ ಬರೆದರೆ ಆ ಕೊಡೆ ತಲೆಯ ಮೇಲೆ ಇರುವುದಿಲ್ಲ. ಪುಣೆ ತಮ್ಮಾ, ದುಡ್ಡು ಕೊಡುವ ಮೊದಲು ಇದನ್ನು ನೋಡಿಕೋ.

ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆ ಅಂತಲೇ ಮಾದರಿ ಮಾರ್ಗಸೂಚಿ ತಂದಿದೆ. ಕಟ್ಟುವವರು, ಸೇವೆ ಕೊಡುವವರು, ಇರುವವರು, ಮೂವರ ನಡುವೆ ಒಪ್ಪಂದ ಆಗಬೇಕು ಅನ್ನುವುದು ಅದರಲ್ಲಿದೆ. ಒಳ್ಳೆಯದೇ. ಆದರೆ ಹೆಸರೇ ಹೇಳುವ ಹಾಗೆ ಅದು ಮಾದರಿ.

ಬಿಟ್ಟಿ ಇರುವವರ ವಿಷಯಕ್ಕೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ. ಜಿಲ್ಲೆಗೆ ಒಂದಾದರೂ, 150 ಬಡ ಹಿರಿಯರಿಗೆ ಜಾಗ ಆಗುವ ವೃದ್ಧಾಶ್ರಮ ಸರಕಾರ ತೆರೆಯ'ಬಹುದು' ಅಂತ 19ನೇ ಕಲಮು. ತೆರೆಯ'ಬೇಕು' ಅಂತ ಬರೆದಿಲ್ಲ. ಒಂದು ಪದ ಎಷ್ಟು ಕೋಣೆ ನುಂಗುತ್ತದೆ ನೋಡಿ. ಹಾಗಾಗಿ ಅದನ್ನು ತೋರಿಸಿ ಗೆಲ್ಲಲು ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಭೂಬಳಕೆ ಮಾತ್ರ. 'ವಸತಿ'ಗೆ ಬದಲಿಸಬೇಡಿ, ಅರೆ ಸಾರ್ವಜನಿಕ ಬಳಕೆಯಲ್ಲೇ ಹಿರಿಯರ ವಸತಿ ಕಟ್ಟಲಿ, 28 ಹಾಸಿಗೆ ಈಗಿನ ದರದಲ್ಲೇ ಇರಲಿ, ಉಳಿದದ್ದರಲ್ಲಿ ಅವರು ದುಡಿದುಕೊಳ್ಳಲಿ.

ಪುಣೆಯಿಂದ ಬಾಗಲಕೋಟೆಯವ

ಕಾಕಾ, ಇಲ್ಲಿ ನನ್ನದು ತಕರಾರು. 28 ಹಾಸಿಗೆಯ ನಷ್ಟ ಯಾರು ತುಂಬುತ್ತಾರೆ? ನನ್ನಂಥವರ ಠೇವಣಿಯೇ. ಆಗ ದರ ಏರುತ್ತದೆ, ನಮ್ಮಪ್ಪನಂಥ ಮೇಷ್ಟ್ರ ಪೆನ್ಶನ್ನಿಗೆ ನಿಲುಕುವುದಿಲ್ಲ. ಬಡವರಿಗೂ ಉಂಟು, ಇದ್ದವರಿಗೂ ಉಂಟು, ನಡುವಿನವರಿಗೆ ಇಲ್ಲ ಅಂತ ಆಗಬಾರದು. ಮಹಡಿ ಕಡಿಮೆ ಮಾಡಿ ಅಂತ ದಯವಿಟ್ಟು ಬರೆಯಬೇಡಿ. ಹಂತ ಹಂತವಾಗಿ ಕಟ್ಟುವುದಕ್ಕೆ, ಬಚ್ಚಲು, ರ‍್ಯಾಂಪು, ದೊಡ್ಡ ಲಿಫ್ಟಿಗೆ ನನ್ನ ಸಹಿ ಇದೆ.

ನಿವೃತ್ತ ಓವರ್ಸಿಯರ್

ನಿನ್ನ ಮಾತಿನಲ್ಲಿ ತಿರುಳಿದೆ. ಮಹಡಿಯ ವಿಷಯ ಬಿಡೋಣ. ಭೂಬಳಕೆಯದ್ದು ಬಿಡುವುದಿಲ್ಲ, ಅದನ್ನು ನಾನು ಬೇರೆ ಪತ್ರದಲ್ಲಿ ಕೊಡುತ್ತೇನೆ.

ಮಹಡಿ ಮನೆ

ಮರ ಇರಲಿ. ಎಂಟು ಕಾರು ಬರಲಿ. ಗೇಟಿಗೆ ಅಡ್ಡ ನಿಲ್ಲಿಸಿದರೆ ಮಾತ್ರ ಗಾಳಿ ಬಿಡುತ್ತೇನೆ, ಈಗಲೇ ಹೇಳಿದ್ದೇನೆ.

ವೆಂಕಟಪೇಟೆಯವಳು

ಪತ್ರ ಕೊಟ್ಟು ಬಂದೆವು. ಹನ್ನೆರಡನೇ ದಿನ. 61 ಸಹಿ. ಆಶ್ರಮದ 28ರಲ್ಲಿ 19 ಸಹಿ, 7 ಹೆಬ್ಬೆಟ್ಟು. ಒಬ್ಬರು ಮಗನನ್ನು ಕೇಳಿ ಹೇಳುತ್ತೇನೆ ಅಂದರು. ಇನ್ನೊಬ್ಬ ಅಜ್ಜ ಹಾಕುವುದಿಲ್ಲ ಅಂದರು, ಹೊಸ ಕಟ್ಟಡದಲ್ಲಿ ಟಿವಿ ದೊಡ್ಡದು ಬರುತ್ತದಂತೆ, ನೀವು ಅಡ್ಡ ಬರಬೇಡಿ ಅಂತ.

ಅತ್ತಿ ಸಹಿಯ ಪಕ್ಕ ವಿಳಾಸದಲ್ಲಿ ಹಳೇ ಊರಿನ ಓಣಿ ಬರೆಸಿದಳು. ಅದು ಈಗ ಇಲ್ಲ ಅತ್ತಿ ಅಂದೆ. ನಾನು ಇದ್ದೇನಲ್ಲ ಅಂದಳು.

ವೆಂಕಟಪೇಟೆಯವಳು

ವಿಚಾರಣೆಗೆ ಪತ್ರ ಬಂತು! ಮುಂದಿನ ಗುರುವಾರ, ಬೆಳಿಗ್ಗೆ 11ಕ್ಕೆ. ಆಕ್ಷೇಪಣೆ ಕೊಟ್ಟವರು ಖುದ್ದಾಗಿ ಹಾಜರಿರಬೇಕಂತೆ. ಸಭಾಭವನ ಎರಡನೇ ಮಹಡಿ.

ವಾರ್ಡಿನ ಅಕ್ಕ

ಲಿಫ್ಟ್ ಇದೆಯಾ?

ವೆಂಕಟಪೇಟೆಯವಳು

ಇಲ್ಲ.

ಹಲಗಿ ಮೇಳ

ನಮ್ಮ ಹುಡುಗರು ಹದಿನೈದು ಜನ ಇದ್ದೇವೆ. ಕುರ್ಚಿ ಸಮೇತ ಹೊರುತ್ತೇವೆ. ಬೇಕಾದರೆ ಹಲಗಿ ಬಾರಿಸುತ್ತಲೇ ಹತ್ತಿಸುತ್ತೇವೆ.

ವೆಂಕಟಪೇಟೆಯವಳು

ಅತ್ತಿ ಬೇಡ ಅನ್ನುತ್ತಾಳೆ. ಸಾಹೇಬರಿಗೆ ಕಾಲು ಚೆನ್ನಾಗಿವೆ, ಅವರೇ ಇಳಿದು ಬರಲಿ ಅಂತ ಬರೆ ಅಂದಳು.

ನಿವೃತ್ತ ಓವರ್ಸಿಯರ್

ಹಾಗೇ ಬರೆಯುವುದು ಬೇಡ. 'ಅರ್ಜಿದಾರರು 26 ಜನ ಹಿರಿಯ ನಾಗರಿಕರಿದ್ದು, ಮೆಟ್ಟಿಲು ಹತ್ತಲು ಆಗದ ಕಾರಣ ವಿಚಾರಣೆಯನ್ನು ನೆಲಮಹಡಿಯಲ್ಲಿ ಅಥವಾ ಆಶ್ರಮದ ಅಂಗಳದಲ್ಲೇ ನಡೆಸಲು ಕೋರಿಕೆ' ಅಂತ ಬರೆ. ನಾಳೆಯೇ ಕೊಡು. ಎರಡು ಪ್ರತಿ ಒಯ್ಯಿ, ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಬಾ. ಕೀಲಿಯವರು ರಜೆ ಇದ್ದರೆ ನನಗೆ ಫೋನ್ ಮಾಡು, ನಾನೂ ಬರುತ್ತೇನೆ. ಮೆಟ್ಟಿಲ ಬುಡದಲ್ಲಿ ನಿಂತಿರುತ್ತೇನೆ, ನನ್ನದೂ ಮೊಣಕಾಲೇ.